ಕಾರವಾರದ ಫ್ಲ್ಯಾಟ್ ತಗೊಳ್ಲೋ, ಅಂಕೋಲಾದ ಹಿತ್ತಲಲ್ಲೇ ಎರಡು ಖೋಲಿ ಕಟ್ಲೋ?

ಪ್ರಶ್ನೆ: ಸರ್, ನಾನು ಅಂಕೋಲಾದವಳು, ಹೈಸ್ಕೂಲ್ ಟೀಚರ್. 9 ಲಕ್ಷ ಉಳಿತಾಯ ಇದೆ, ಅದ್ರಿಂದ ತಿಂಗಳು ತಿಂಗಳು ಬಾಡಿಗೆ ಬರೋ ಹಾಗೆ ಏನಾದ್ರೂ ಮಾಡ್ಬೇಕು ಅಂತ ಆಸೆ. ಮೂರು ದಾರಿ ಇದೆ. ಕಾರವಾರದ ಕೋಡಿಬಾಗ ಕಡೆ 15 ವರ್ಷ ಹಳೇ ಸಿಂಗಲ್ ಬೆಡ್‌ರೂಮ್ ಫ್ಲ್ಯಾಟ್, ಮೇಲಿನ ಮಹಡಿ, 27 ಲಕ್ಷ. 9 ಸಾವಿರ ಬಾಡಿಗೆ ಗ್ಯಾರಂಟಿ, ಇಎಂಐ ಅದ್ರಲ್ಲೇ ಹೋಗ್ತದೆ, ಟ್ಯಾಕ್ಸೂ ಉಳೀತದೆ ಅಂತಾರೆ ಏಜೆಂಟ್. ಶಿರಸಿ ಚಿಕ್ಕಮ್ಮ ಅಲ್ಲೇ ಊರಂಚಲ್ಲಿ ಒಂದು ಹಂಚಿನ ಮನೆ 11 ಲಕ್ಷಕ್ಕೆ ಬರ್ತದೆ, ಅತಿಕ್ರಮಣದ ಜಾಗ, ಆದ್ರೆ ಮನೆ ನಂಬರು ಕರೆಂಟು ಎಲ್ಲಾ ಇದೆ ಅಂತಾರೆ. ಅಪ್ಪ ಮಾತ್ರ ಎಲ್ಲೂ ಹೋಗ್ಬೇಡ, ನಮ್ಮ ಹಿತ್ತಲಲ್ಲೇ ಎರಡು ಖೋಲಿ ಕಟ್ಟು ಅಂತಾರೆ, ಮೇಸ್ತ್ರಿ 14 ಲಕ್ಷ ಹೇಳಿದ್ದಾರೆ, ಒಂದೊಂದಕ್ಕೆ 5 ಸಾವಿರ ಬಾಡಿಗೆ ಬರಬಹುದು. ಮಾವ ಹೆದರಿಸ್ತಾರೆ, ಬಾಡಿಗೆಯವರು ಹನ್ನೆರಡು ವರ್ಷ ಕೂತ್ರೆ ಮನೆ ಅವರದೇ ಆಗ್ತದೆ, ಕೊಡೋದಿದ್ರೆ 11 ತಿಂಗಳ ಕರಾರು ಮಾಡ್ಕೋ, ಬೇಕಾದಾಗ ಎಬ್ಬಿಸ್ಬಹುದು ಅಂತ. ಫ್ಲ್ಯಾಟಿಗೆ ಈ ವಾರದೊಳಗೆ 1 ಲಕ್ಷ ಟೋಕನ್ ಕೇಳ್ತಿದ್ದಾರೆ. ಏನು ಮಾಡ್ಲಿ?

ಉತ್ತರ: ತಂಗೀ, ನೀವು ಕೇಳಿದ್ದು ಮೂರರಲ್ಲಿ ಯಾವುದು ಅಂತ, ಆದ್ರೆ ಪ್ರಶ್ನೆ ಓದಿದ್ರೆ ಒಳಗಿರೋ ಹೆದರಿಕೆ ಬೇರೆಯೇ ಕಾಣ್ತದೆ, ಇಷ್ಟು ವರ್ಷ ಕೂಡಿಟ್ಟ ದುಡ್ಡು ಒಂದೇ ಏಟಿಗೆ ಸಿಕ್ಕಿಹಾಕ್ಕೊಂಡ್ರೆ ಎಂತ ಮಾಡೋದು ಅಂತ. ಆ ಹೆದರಿಕೆ ಸರಿಯಾಗೇ ಇದೆ. ನಾನು ಸಿವಿಲ್ ಇಂಜಿನಿಯರ್, ಸಾಲಕ್ಕೆ ಬಂದ ಮನೆಗಳ ವ್ಯಾಲ್ಯುವೇಶನ್ ಮಾಡಿ ಬ್ಯಾಂಕಿಗೆ ರಿಪೋರ್ಟ್ ಕೊಡೋದು ನನ್ನ ಕೆಲಸ, ಕರಾವಳಿ ಮತ್ತೆ ಘಟ್ಟದ ಮೇಲೆ ಎರಡೂ ಕಡೆ ಓಡಾಟ ಇದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ. ಶಿರಸಿ ಮನೆ ಬೇಡವೇ ಬೇಡ. ಫ್ಲ್ಯಾಟ್ ಈಗ ಬೇಡ. ಅಪ್ಪ ಹೇಳಿದ್ದು ಒಳ್ಳೇದು, ಆದ್ರೆ ಅವರು ಹೇಳಿದ ಹಾಗೇ ಅಲ್ಲ, ಮೊದಲು ಕಾಗದ, ಆಮೇಲೆ ಒಂದು ಖೋಲಿ, ಎರಡನೇದು ಮುಂದೆ ನೋಡುವಾ. ಯಾಕೆ ಅಂತ ಹೇಳ್ತೇನೆ, ಸ್ವಲ್ಪ ಉದ್ದ ಆಗ್ತದೆ.

ಇಎಂಐ ಬಾಡಿಗೆಯಲ್ಲೇ ಹೋಗ್ತದೆ ಅನ್ನೋ ಮಾತಿಂದ ಶುರು ಮಾಡುವಾ, ಯಾಕಂದ್ರೆ ಹೊಸಬರು ಬೀಳೋದು ಇದಕ್ಕೇ. ನಿಮ್ಮದೇ ಅಂಕಿ ತಗೊಳ್ಳಿ. ಹಳೇ ಫ್ಲ್ಯಾಟ್ ಅಂದ್ರೆ ಸ್ಟ್ಯಾಂಪ್ ಡ್ಯೂಟಿ 5 ಪರ್ಸೆಂಟ್, ಅದರ ಮೇಲೆ ಸೆಸ್ಸು ಸರ್ಚಾರ್ಜು, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1 ಇದ್ದದ್ದು 2 ಪರ್ಸೆಂಟ್ ಆಗಿದೆ, ಎಲ್ಲಾ ಸೇರಿ 7.6 ಪರ್ಸೆಂಟ್ ಹತ್ತಿರ. 27 ಲಕ್ಷಕ್ಕೆ 2 ಲಕ್ಷದ 5 ಸಾವಿರ. 20 ಲಕ್ಷ ಸಾಲ ಸಿಕ್ತು ಅಂದ್ಕೊಂಡ್ರೂ ಕೈಯಿಂದ 7 ಲಕ್ಷ ಮತ್ತೆ ಈ 2 ಲಕ್ಷ, ಅಂದ್ರೆ ಕೀಲಿಕೈ ಸಿಗೋ ಹೊತ್ತಿಗೆ ನಿಮ್ಮ 9 ಲಕ್ಷ ಪೂರ್ತಿ ಖಾಲಿ. ಏಜೆಂಟ್ ಕಮಿಷನ್ ಬೇರೆ, ವಕೀಲರ ಫೀಸ್ ಬೇರೆ, ಬಣ್ಣ ಬೇರೆ, ಅದಕ್ಕೆ ಎಲ್ಲಿಂದ ತರ್ತೀರಿ? 20 ಲಕ್ಷ ಸಾಲಕ್ಕೆ ಎಂಟೂವರೆ ಪರ್ಸೆಂಟ್ ಬಡ್ಡಿ ಹಿಡಿದ್ರೆ 20 ವರ್ಷಕ್ಕೆ ಇಎಂಐ 17,350ರ ಆಸುಪಾಸು. ಬಾಡಿಗೆ 9,000. ಇಲ್ಲೇ ಅರ್ಧ ಕಮ್ಮಿ. ಆ ಒಂಬತ್ತೂ ಪೂರ್ತಿ ನಿಮ್ಮದಲ್ಲ, ವರ್ಷಕ್ಕೆ ಒಂದು ತಿಂಗಳಾದ್ರೂ ಖಾಲಿ ಇರ್ತದೆ ಅಂತ ಇಟ್ಕೊಳ್ಳಿ, ಅಸೋಸಿಯೇಶನ್ ಮೇಂಟೆನೆನ್ಸ್ ತಿಂಗಳಿಗೆ ಸಾವಿರ, ನಗರಸಭೆ ತೆರಿಗೆ ನಾಲ್ಕು ಸಾವಿರ, ರಿಪೇರಿಗೆ ಅಂತ ವರ್ಷಕ್ಕೆ 15 ಸಾವಿರ ಬದಿಗಿಡ್ಲೇಬೇಕು, ಕೊನೆಗೆ ಉಳಿಯೋದು ವರ್ಷಕ್ಕೆ 68 ಸಾವಿರ. ನೀವು ಹಾಕೋ 29 ಲಕ್ಷಕ್ಕೆ ಲೆಕ್ಕ ಹಾಕಿದ್ರೆ ಎರಡೂವರೆ ಪರ್ಸೆಂಟೂ ಇಲ್ಲ. ಇಎಂಐ ತುಂಬೋಕೆ ತಿಂಗಳಿಗೆ 11,700 ಹತ್ತಿರ ನಿಮ್ಮ ಸಂಬಳದಿಂದ ಹೋಗ್ತದೆ, ಇಪ್ಪತ್ತು ವರ್ಷ.

ಟ್ಯಾಕ್ಸ್ ಉಳೀತದೆ ಅನ್ನೋದೂ ಅರ್ಧ ಸತ್ಯ. ಬಾಡಿಗೆ ಆದಾಯದಲ್ಲಿ ಮುನ್ಸಿಪಾಲಿಟಿ ತೆರಿಗೆ ಕಳೆದು ಉಳಿದದ್ದಕ್ಕೆ 30 ಪರ್ಸೆಂಟ್ ಬಿಡ್ತಾರೆ, ಸಾಲದ ಬಡ್ಡೀನೂ ಕಳೀಬಹುದು, ಅಲ್ಲಿವರೆಗೆ ನಿಜ. ಆದ್ರೆ ಬಡ್ಡಿ ಬಾಡಿಗೆಗಿಂತ ಜಾಸ್ತಿ ಆಗಿ ನಷ್ಟ ಬಂದ್ರೆ, ನಿಮ್ಮ ವಿಷಯದಲ್ಲಿ ಬಂದೇ ಬರ್ತದೆ, ಆ ನಷ್ಟಾನ ಸಂಬಳದ ಆದಾಯದಲ್ಲಿ ಕಳೆಯೋಕೆ ಹೊಸ ತೆರಿಗೆ ಪದ್ಧತಿಯಲ್ಲಿ ಅವಕಾಶ ಇಲ್ಲ, ಹಳೇ ಪದ್ಧತಿಯಲ್ಲಿ 2 ಲಕ್ಷದವರೆಗೆ ಇದೆ. ನೀವು ಯಾವುದರಲ್ಲಿದ್ದೀರಿ ಅಂತ ನಿಮ್ಮ ಶಾಲೆ ಆಫೀಸಲ್ಲಿ ಕೇಳಿ.

ಈಗ ಕಟ್ಟಡದ ಮಾತು, ಇದು ನನ್ನ ದಿನನಿತ್ಯದ ಕೆಲಸ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳ್ತೇನೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದು ಜೂನಿಂದ ಸೆಪ್ಟೆಂಬರ್ ಒಳಗೆ ಸುರೀತದೆ, ಉಳಿದ ಎಂಟು ತಿಂಗಳು ಉಪ್ಪು ಗಾಳಿ. ಸ್ಲ್ಯಾಬಲ್ಲಿ ಸಣ್ಣ ಸೀಳಿದ್ರೂ ಸಾಕು, ಉಪ್ಪಿನಂಶ ನೀರಿನ ಜೊತೆ ಕಬ್ಬಿಣದ ರಾಡಿಗೆ ಮುಟ್ತದೆ, ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಊದಿಕೊಳ್ತದೆ, ಊದಿಕೊಂಡಾಗ ಕೆಳಗಿನ ಕಾಂಕ್ರೀಟನ್ನ ಒಡೆದು ಹೊರಗೆ ತಳ್ತದೆ. ಬಾತ್‌ರೂಮ್ ಮೇಲಿನ ಸ್ಲ್ಯಾಬು, ಕಿಟಕಿ ಮೇಲಿನ ಛಜ್ಜಾ, ಬಾಲ್ಕನಿ ಅಂಚು, ಇಲ್ಲೆಲ್ಲಾ ಹಕ್ಕಳೆ ಎದ್ದು ಉದುರೋದು ಇದೇ ಕಾರಣಕ್ಕೆ. ಇಂಥ ಕರಾವಳಿ ಗಾಳಿಗೆ ತೆರೆದ ಕಾಂಕ್ರೀಟಿಗೆ ಐಎಸ್ 456 ಅನ್ನೋ ನಮ್ಮ ಮಾನದಂಡದಲ್ಲಿ ಎಂ30 ದರ್ಜೆಯ ಕಾಂಕ್ರೀಟು, ರಾಡಿನ ಮೇಲೆ 45 ಮಿಲಿಮೀಟರ್ ಕವರ್, ಅಂದ್ರೆ ರಾಡನ್ನ ಮುಚ್ಚೋ ಕಾಂಕ್ರೀಟಿನ ದಪ್ಪ, ಹೇಳಿದ್ದಾರೆ. ಹಳೇ ಸಣ್ಣ ಅಪಾರ್ಟ್‌ಮೆಂಟುಗಳಲ್ಲಿ ಛಜ್ಜಾ ಒಡೆದು ನೋಡಿದ್ರೆ ಅದರ ಅರ್ಧವೂ ಸಿಗೋದಿಲ್ಲ ಎಷ್ಟೋ ಸಲ, ಮೇಲಿಂದ ಅಳಿವೆ ಕಡೆಯ ಉಪ್ಪು ಮರಳು ಹಾಕಿ ಕಟ್ಟಿದ್ರೆ ಉಪ್ಪು ಹೊರಗಿಂದ ಬರಬೇಕಂತಲೇ ಇಲ್ಲ, ಒಳಗೇ ಕೂತಿರ್ತದೆ. ಹೊರಗೆ ಹೊಸ ಬಣ್ಣ ಹೊಡೆದಿದ್ರೆ ಇದು ಯಾವುದೂ ಕಾಣೋದಿಲ್ಲ.

ನಿಮಗೆ ತೋರಿಸ್ತಿರೋದು ಮೇಲಿನ ಮಹಡಿ. ಮೇಲೆ ಟ್ರಸ್ ಮಾಡಿ ಶೀಟ್ ಹಾಕಿದ್ದಾರಾ ಕೇಳಿ. ಹಾಕಿಲ್ಲ ಅಂದ್ರೆ ಸೋರೋದು ನಿಮ್ಮ ಫ್ಲ್ಯಾಟಿಗೇ, ಆದ್ರೆ ಟೆರೇಸ್ ಎಲ್ಲರದ್ದು, ಅಸೋಸಿಯೇಶನ್ ಒಪ್ಪದೆ ಅಲ್ಲಿ ಒಂದು ಪೈಪೂ ನಿಲ್ಲಿಸೋ ಹಾಗಿಲ್ಲ, ಕೆಳಗಿನವರಿಗೆ ಸೋರದೇ ಇರೋವಾಗ ಅವರು ಯಾಕೆ ದುಡ್ಡು ಹಾಕ್ತಾರೆ ಅನ್ನೋದು ಪ್ರತಿ ಬಿಲ್ಡಿಂಗಿನ ಜಗಳ. ಆದ್ದರಿಂದ ಕರಾವಳಿಯಲ್ಲಿ ಹಳೇ ಮನೆ ನೋಡೋದಾದ್ರೆ ಜುಲೈ ತಿಂಗಳಲ್ಲೇ ನೋಡ್ಬೇಕು, ನಾಲ್ಕು ದಿನ ಬಿಡದೆ ಮಳೆ ಹೊಡೆದ ಮಾರನೇ ದಿನ. ಕಪಾಟಿನ ಹಿಂದೆ ಕೈಯಾಡಿಸಿ, ಬೂಷ್ಟು ಹಿಡಿದ ವಾಸನೆ ಬಂದ್ರೆ ಗೋಡೆ ಒಣಗಿಲ್ಲ. ಜನವರಿಯಲ್ಲಿ ನೋಡಿದ ಮನೆ ಎಲ್ಲಾ ಚಂದವೇ ಕಾಣ್ತದೆ.

ಹಾಗಂತ ಕಾರವಾರದಲ್ಲಿ ಬಾಡಿಗೆಗೆ ಜನ ಇಲ್ಲ ಅಂತಲ್ಲ. ಜಿಲ್ಲಾ ಕೇಂದ್ರ, ಮೆಡಿಕಲ್ ಕಾಲೇಜು, ಸೀಬರ್ಡ್ ನೌಕಾನೆಲೆ, ಕೈಗಾದಲ್ಲಿ 700 ಮೆಗಾವ್ಯಾಟಿನ 5 ಮತ್ತೆ 6ನೇ ಘಟಕದ ಕೆಲಸ, ಎಲ್ಲದಕ್ಕೂ ಜನ ಬರ್ತಾರೆ. ಆದ್ರೆ ಪ್ರಾಜೆಕ್ಟಿಗೆ ಬಂದ ಜನ ಪ್ರಾಜೆಕ್ಟ್ ಮುಗಿದ ಮೇಲೆ ಹೋಗ್ತಾರೆ, ಕಂಟ್ರಾಕ್ಟರ್ ಒಬ್ಬರ ಹೆಸರಲ್ಲಿ ಮನೆ ಹಿಡಿದು ಎಂಟು ಜನರನ್ನ ಇಡೋದೂ ಇದೆ, ಬಾಡಿಗೆ ಸಾವಿರ ಜಾಸ್ತಿ ಕೊಟ್ಟಿದ್ದು ಪ್ಲಂಬಿಂಗ್ ರಿಪೇರಿಗೇ ಹೋಗ್ತದೆ. ಆಸ್ಪತ್ರೆ ನರ್ಸುಗಳು, ಬ್ಯಾಂಕಿನವರು, ಶಿಕ್ಷಕರು, ಇಂಥವರು ಕಮ್ಮಿ ಕೊಟ್ರೂ ನಿಲ್ತಾರೆ. ಇನ್ನು ಏಜೆಂಟರು ಕೇಣಿಯ ಬಂದರು, ಅಲಗೇರಿಯ ವಿಮಾನ ನಿಲ್ದಾಣ ಅಂತ ಹೇಳಿ ರೇಟು ಏರಿಸ್ತಾರಲ್ಲ, ಆ ಯೋಜನೆ ಬರೋದು ಬಿಡೋದು ನಮ್ಮ ಕೈಲಿಲ್ಲ, ಆದ್ರೆ ಬಂದಮೇಲೆ ಆಗೋ ರೇಟನ್ನ ನೀವು ಈಗಲೇ ಕೊಟ್ರೆ ಲಾಭ ಮಾರಿದವರಿಗೆ.

ಶಿರಸಿ ಮನೆ. ಚಿಕ್ಕಮ್ಮನ ಮೇಲೆ ಬೇಜಾರು ಮಾಡ್ಕೋಬೇಡಿ, ಅವರು ನಿಮ್ಮ ಒಳ್ಳೇದಕ್ಕೇ ಹೇಳಿದ್ದು, ನಮ್ಮ ಜಿಲ್ಲೆಯಲ್ಲಿ ಸಾವಿರಾರು ಕುಟುಂಬ ಅತಿಕ್ರಮಣದ ಜಾಗದಲ್ಲೇ ಬಾಳಿ ಬದುಕ್ತಾ ಇದೆ, ಅವರ ಕಷ್ಟ ಬೇರೆ. ಆದ್ರೆ ನೀವು ಹೂಡಿಕೆ ಅಂತ ಹೋಗಿ ಅದನ್ನ ಕೊಳ್ಳೋದು ಬೇರೆ ಮಾತು. ಮನೆ ನಂಬರು ಅಂದ್ರೆ ತೆರಿಗೆ ಹಾಕೋಕೆ ಕೊಟ್ಟ ನಂಬರು, ಹೆಸ್ಕಾಂ ಮೀಟರು ಅಂದ್ರೆ ಕರೆಂಟ್ ಕೊಟ್ಟಿದ್ದಾರೆ ಅಂತ, ಇವೆರಡೂ ಜಾಗದ ಮಾಲೀಕತ್ವ ಕೊಡೋದಿಲ್ಲ. ಜಾಗ ಅರಣ್ಯದ್ದಾದ್ರೆ ಮಾರೋರಿಗೇ ಹಕ್ಕಿಲ್ಲ, ನಿಮಗೆ ಹೇಗೆ ಬರ್ತದೆ? ಅರಣ್ಯ ಹಕ್ಕು ಕಾಯ್ದೆಯಲ್ಲಿ ಪಟ್ಟಾ ಸಿಕ್ತದೆ ಅಂತಾರೆ. 2006ರ ಆ ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದವರಿಗೆ 2005ರ ಡಿಸೆಂಬರ್ 13ಕ್ಕಿಂತ ಮೊದಲು ಮೂರು ತಲೆಮಾರು, ಅಂದ್ರೆ 75 ವರ್ಷ, ಅಲ್ಲಿ ಇದ್ದು ಕಾಡನ್ನ ನಂಬಿ ಬದುಕಿದ್ದರ ದಾಖಲೆ ಬೇಕು. ಅಷ್ಟೆಲ್ಲಾ ತೋರಿಸಿ ಸಿಕ್ಕಿದ ಹಕ್ಕೂ ಮಕ್ಕಳಿಗೆ ಹೋಗ್ತದೆ ಹೊರತು ಮಾರೋ ಹಾಗಿಲ್ಲ ಅಂತ ಕಾಯ್ದೆಯೇ ಹೇಳ್ತದೆ. ನಾಳೆ ಸಕ್ರಮ ಆದ್ರೂ ಅದು ಅವರಿಗೆ, ನಿಮ್ಮ ಕೈಲಿರೋದು ಬರೀ ಸ್ಟ್ಯಾಂಪ್ ಪೇಪರು. ಬ್ಯಾಂಕ್ ಇದಕ್ಕೆ ಸಾಲ ಕೊಡೋದಿಲ್ಲ, ಮುಂದೆ ನಿಮ್ಮಿಂದ ಕೊಳ್ಳೋಕೆ ಬರೋರಿಗೂ ಕೊಡೋದಿಲ್ಲ. ತೋಟದ ಜೊತೆಗಿನ ಸೊಪ್ಪಿನಬೆಟ್ಟದಲ್ಲಿ ಕಟ್ಟಿದ ಮನೆ ತೋರಿಸಿದ್ರೂ ಇದೇ ಉತ್ತರ, ಬೆಟ್ಟ ಸೊಪ್ಪಿಗೆ ಕೊಟ್ಟದ್ದು, ಮಾರೋಕೆ ಅಲ್ಲ.

ಇನ್ನು ಮಾವನವರ ಹನ್ನೆರಡು ವರ್ಷದ ಮಾತು. ನಮ್ಮಲ್ಲಿ ಹಿರಿಯರಿಗೆ ಈ ಹೆದರಿಕೆ ಸುಮ್ಮನೆ ಬಂದದ್ದಲ್ಲ. 1974ರ ಭೂಸುಧಾರಣೆಯಲ್ಲಿ ಗೇಣಿ ಮಾಡ್ತಿದ್ದವರು ಡಿಕ್ಲರೇಶನ್ ಕೊಟ್ಟು ಗದ್ದೆ ತೋಟ ತಮ್ಮ ಹೆಸರಿಗೆ ಮಾಡ್ಕೊಂಡಿದ್ದನ್ನ ಪ್ರತಿ ಊರಲ್ಲೂ ಕಂಡಿದ್ದಾರೆ, ಹಾಗಾಗಿ ಬೇರೆಯವರನ್ನ ಜಾಗದಲ್ಲಿ ಕೂರಿಸಿದ್ರೆ ಜಾಗ ಹೋಯ್ತು ಅನ್ನೋದು ಮನಸ್ಸಲ್ಲಿ ಕೂತುಬಿಟ್ಟಿದೆ. ಅದು ಕೃಷಿ ಜಮೀನಿನ ಕಾನೂನು, ಈಗ ನೀವು ಕೊಡೋ ಮನೆ ಬಾಡಿಗೆಗೆ ಅದು ಬರೋದಿಲ್ಲ. ಹನ್ನೆರಡು ವರ್ಷ ಅನ್ನೋದು ಪ್ರತಿಕೂಲ ಸ್ವಾಧೀನದ್ದು, ಮಾಲೀಕನ ಹಕ್ಕನ್ನೇ ಅಲ್ಲಗಳೆದು ಎದುರಾಗಿ ಕೂತವರಿಗೆ ಸಂಬಂಧಿಸಿದ್ದು. ಬಾಡಿಗೆಯವರು ಕೂತಿರೋದು ನಿಮ್ಮ ಒಪ್ಪಿಗೆಯಿಂದ, ಬಾಡಿಗೆ ಕೊಡ್ತಾ ಇರೋವಷ್ಟು ದಿನ ನಿಮ್ಮನ್ನ ಮಾಲೀಕರು ಅಂತ ಒಪ್ಪಿದ ಹಾಗೆ, ಅವರು ಇಪ್ಪತ್ತು ವರ್ಷ ಕೂತ್ರೂ ಬರೀ ಕೂತ ಕಾರಣಕ್ಕೆ ಮಾಲೀಕರಾಗೋದಿಲ್ಲ. ತೊಂದರೆ ಆಗೋದು ಎಲ್ಲಿ ಅಂದ್ರೆ ಪರಿಚಯದವರು ಅಂತ ಕಾಗದ ಇಲ್ದೆ ಕೊಟ್ಟು, ಬಾಡಿಗೆ ಕ್ಯಾಶಲ್ಲಿ ತಗೊಂಡು, ಆಮೇಲೆ ಅದನ್ನೂ ಬಿಟ್ಟು, ವರ್ಷಗಟ್ಟಲೆ ಆ ಕಡೆ ತಲೆ ಹಾಕದೇ ಇದ್ದಾಗ. ಬರಹದಲ್ಲಿ ಕರಾರು ಇರಲಿ, ಬಾಡಿಗೆ ಬ್ಯಾಂಕ್ ಅಕೌಂಟಿಗೇ ಬರಲಿ, ತೆರಿಗೆ ರಶೀದಿ ನಿಮ್ಮ ಹೆಸರಲ್ಲಿ ಪ್ರತಿ ವರ್ಷ ತೆಗೆಸಿ, ಸಾಕು.

ಹನ್ನೊಂದು ತಿಂಗಳ ಕರಾರಿಗೂ ಜನ ಹೇಳೋ ಶಕ್ತಿ ಇಲ್ಲ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಲೀಸನ್ನ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಮಾಡಿಸ್ಲೇಬೇಕು, ಆ ಖರ್ಚು ಓಡಾಟ ತಪ್ಪಿಸೋಕೆ ಹನ್ನೊಂದು ತಿಂಗಳು ಅಂತ ಬರೀತಾರೆ, ಅಷ್ಟೇ. ಅವಧಿ ಮುಗೀತು ಅಂತ ನೀವು ಹೋಗಿ ಬೀಗ ಹಾಕೋ ಹಾಗಿಲ್ಲ, ನೀರು ಕರೆಂಟು ಕಟ್ ಮಾಡೋ ಹಾಗಿಲ್ಲ, ಮಾಡಿದ್ರೆ ಕೇಸು ನಿಮ್ಮ ಮೇಲೆ ಬೀಳ್ತದೆ. ಕರಾರಲ್ಲಿ ಬೇರೆ ಬರೆದಿಲ್ಲ ಅಂದ್ರೆ ತಿಂಗಳ ಬಾಡಿಗೆಯವರಿಗೆ 15 ದಿನದ ನೋಟಿಸು ಕೊಡ್ಬೇಕು, ಆದ್ರೂ ಏಳದೇ ಇದ್ರೆ ಕೋರ್ಟು, ಕೋರ್ಟಿಗೆ ಎಷ್ಟು ಸಮಯ ಹಿಡೀತದೆ ಅಂತ ನಿಮಗೂ ಗೊತ್ತು. ಹಾಗಾಗಿ ಕರಾರಿಗಿಂತ ಮೊದಲು ಜನ ನೋಡ್ಬೇಕು. ಹಿಂದೆ ಎಲ್ಲಿದ್ದರು, ಆ ಮನೆಯವರಿಗೆ ಒಂದು ಫೋನ್ ಮಾಡಿ, ಕೆಲಸ ಎಲ್ಲಿ, ಆಧಾರ್ ಕಾಪಿ, ಪೊಲೀಸ್ ಠಾಣೆಗೆ ಮಾಹಿತಿ. ಎರಡು ತಿಂಗಳು ಖಾಲಿ ಇಟ್ರೂ ಅಡ್ಡಿಲ್ಲ, ಮನಸ್ಸಿಗೆ ಬರದವರಿಗೆ ಕೊಡ್ಬೇಡಿ.

ಈಗ ಅಪ್ಪ ಹೇಳಿದ ಹಿತ್ತಲು. ಲೆಕ್ಕದಲ್ಲಿ ಇದು ಯಾಕೆ ಗೆಲ್ತದೆ ಅಂದ್ರೆ ಜಾಗಕ್ಕೆ ದುಡ್ಡಿಲ್ಲ, 7.6 ಪರ್ಸೆಂಟ್ ಇಲ್ಲ. ಎರಡು ಖೋಲಿಗೆ ತಿಂಗಳಿಗೆ 10 ಸಾವಿರ, ಒಂದು ತಿಂಗಳು ಖಾಲಿ ಅಂತ 1 ಲಕ್ಷದ 10 ಸಾವಿರ, ತೆರಿಗೆ ರಿಪೇರಿಗೆ 20 ಸಾವಿರ ಕಳೆದ್ರೆ 90 ಸಾವಿರ ಉಳೀತದೆ. 14 ಲಕ್ಷಕ್ಕೆ ಆರು ಪರ್ಸೆಂಟಿನ ಮೇಲೆ. ಮೇಸ್ತ್ರಿ ಹೇಳಿದ ರೇಟಲ್ಲಿ ಮುಗಿಯೋದು ಅಪರೂಪ, ಹದಿನೈದೂವರೆ ಆಯ್ತು ಅಂದ್ರೂ ಐದೂ ಮುಕ್ಕಾಲು. ಮನೆ ಕಣ್ಣೆದುರಿಗೇ ಇರ್ತದೆ, ನಲ್ಲಿ ಸೋರಿದ್ರೆ ಅಪ್ಪನೇ ನೋಡ್ತಾರೆ.

ಆದ್ರೆ ಇಲ್ಲಿ ಒಂದು ಮಾತು ಹೇಳ್ಲೇಬೇಕು, ನಿಮ್ಮ ಪ್ರಶ್ನೆಯಲ್ಲಿ ಅದು ಇಲ್ಲ. ಹಿತ್ತಲು ಯಾರ ಹೆಸರಲ್ಲಿದೆ? ಅಪ್ಪನ ಹೆಸರಲ್ಲಿದ್ರೆ ನೀವು 14 ಲಕ್ಷ ಹಾಕಿ ಕಟ್ಟಿದ್ದು ಕಾಗದದ ಪ್ರಕಾರ ಅಪ್ಪನ ಜಾಗದ ಮೇಲಿನ ಕಟ್ಟಡ, ಅವರ ನಂತರ ಅಣ್ಣ ತಮ್ಮ ಅಕ್ಕ ತಂಗಿ ಎಲ್ಲರಿಗೂ ಅದರಲ್ಲಿ ಪಾಲು ಬರ್ತದೆ. ಕಟ್ಟುವಾಗ ಎಲ್ಲರೂ ಒಳ್ಳೇವರೇ, ಹಿಸ್ಸೆ ಆಗೋವಾಗ ಯಾರು ಎಷ್ಟು ದುಡ್ಡು ಹಾಕಿದ್ರು ಅನ್ನೋದಕ್ಕೆ ಸಾಕ್ಷಿ ಇರೋದಿಲ್ಲ. ಅಪ್ಪ ಸ್ವಂತ ದುಡ್ಡಲ್ಲಿ ತಗೊಂಡ ಜಾಗ ಆದ್ರೆ ಖೋಲಿ ಕಟ್ಟೋ ಅಷ್ಟು ಜಾಗ, ದಾರಿ ಸಮೇತ, ನಿಮ್ಮ ಹೆಸರಿಗೆ ದಾನಪತ್ರ ಮಾಡಿಸ್ಕೊಳ್ಳಿ, ಕುಟುಂಬದೊಳಗಿನ ದಾನಪತ್ರಕ್ಕೆ ಸ್ಟ್ಯಾಂಪ್ ಡ್ಯೂಟಿ ಸಣ್ಣ ನಿಗದಿತ ಮೊತ್ತ. ಪಿತ್ರಾರ್ಜಿತ ಆದ್ರೆ ಅಪ್ಪ ಒಬ್ಬರೇ ಕೊಡೋಕೆ ಬರೋದಿಲ್ಲ, ಎಲ್ಲರೂ ಕೂತು ವಿಭಾಗಪತ್ರ ಮಾಡ್ಕೊಂಡು ನಿಮ್ಮ ಭಾಗಕ್ಕೆ ಬಂದ ಜಾಗದಲ್ಲಿ ಕಟ್ಟಿ. 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು, ಕೇಳೋಕೆ ಸಂಕೋಚ ಬೇಡ. ಅಪ್ಪನ ಹತ್ರ ಇದನ್ನ ಎತ್ತೋದು ಕಷ್ಟ ಅಂತ ನನಗೆ ಗೊತ್ತು, ಬ್ಯಾಂಕಿನವರು ನನ್ನ ಹೆಸರಲ್ಲಿ ಕಾಗದ ಕೇಳ್ತಾರೆ ಅಂತ ಹೇಳಿ, ಸಾಲ ಮಾಡೋದಾದ್ರೆ ನಿಜಕ್ಕೂ ಕೇಳ್ತಾರೆ.

ಜಾಗ ಎನ್‌ಎ ಆಗಿದೆಯಾ, ಅಂದ್ರೆ ಕೃಷಿಯಿಂದ ಬೇರೆ ಬಳಕೆಗೆ ಬದಲಾಗಿದೆಯಾ, ಪುರಸಭೆ ವ್ಯಾಪ್ತಿಯಾದ್ರೆ ಇ-ಖಾತಾ (ಆಸ್ತಿ ಯಾರ ಹೆಸರಲ್ಲಿದೆ ಅನ್ನೋ ಕಂಪ್ಯೂಟರ್ ದಾಖಲೆ), ಪಂಚಾಯ್ತಿಯಾದ್ರೆ ಅಂಥದ್ದೇ ಫಾರ್ಮ್ 9 ಮತ್ತೆ 11 ಇದೆಯಾ ನೋಡಿ, ಕಟ್ಟೋ ಪರವಾನಗಿ ತಗೊಳ್ಳಿ. ಸಮುದ್ರದ ಭರತದ ಗೆರೆಯಿಂದ 500 ಮೀಟರ್ ಒಳಗೆ, ಗಂಗಾವಳಿಯಂಥ ಹೊಳೆಗಳ ಉಪ್ಪುನೀರು ಹತ್ತೋ ದಡದಲ್ಲೂ ಸಿಆರ್‌ಝಡ್ ನಿಯಮ ಬರ್ತದೆ, ಅಂದ್ರೆ ಕರಾವಳಿ ಅಂಚಲ್ಲಿ ಕಟ್ಟೋದಕ್ಕೆ ಇರೋ ನಿರ್ಬಂಧ, ನಿಮ್ಮದು ಹಾಗಿದ್ರೆ ಮೊದಲೇ ವಿಚಾರಿಸಿ. ಗಜನಿ, ಅಂದ್ರೆ ಉಪ್ಪುನೀರು ನುಗ್ಗೋ ತಗ್ಗು ಗದ್ದೆ, ತುಂಬಿಸಿದ ಜಾಗ ಆದ್ರೆ ಪಾಯಕ್ಕೇ ದುಡ್ಡು ಮುಗೀತದೆ. ಹಿಂದೆ ಗುಡ್ಡ ಕಡಿದು ಮಟ್ಟ ಮಾಡಿದ ಜಾಗ ಆದ್ರೆ ಅಲ್ಲಿ ಜನರನ್ನ ಇಡೋಕೆ ಹೋಗ್ಲೇಬೇಡಿ, 2024ರ ಜುಲೈಯಲ್ಲಿ ನಿಮ್ಮ ತಾಲೂಕಿನ ಶಿರೂರಲ್ಲಿ ಗುಡ್ಡ ಕುಸಿದು ಏನಾಯ್ತು ಅಂತ ನಾನು ನಿಮಗೆ ಹೇಳ್ಬೇಕಾಗಿಲ್ಲ.

ನೀರು ನೋಡಿ. ಏಪ್ರಿಲ್ ಮೇನಲ್ಲಿ ಬಾವಿ ನೀರು ಉಪ್ಪಾಗ್ತದಾ, ಎರಡು ಮನೆ ಜಾಸ್ತಿ ಆದ್ರೆ ಸಾಕಾಗ್ತದಾ? ಟಾಯ್ಲೆಟ್ ಪಿಟ್ ಬಾವಿಯಿಂದ ಆದಷ್ಟು ದೂರ, ಬಾವಿಗಿಂತ ತಗ್ಗಿನ ಕಡೆ ಇರ್ಲಿ, ನಮ್ಮ ಚಿರೆಕಲ್ಲಿನ ನೆಲದಲ್ಲಿ ಮಳೆಗಾಲದ ನೀರು ಬೇಗ ಹಾಯ್ತದೆ. ಎರಡು ಖೋಲಿಗೂ ಬೇರೆ ಬೇರೆ ಮೀಟರ್ ಹಾಕಿಸಿ, ಗೃಹಜ್ಯೋತಿ ಬಂದ ಮೇಲೆ ಬಾಡಿಗೆಗೆ ಬರೋರು ಮೊದಲು ಕೇಳೋದೇ ಅದು, ಒಂದೇ ಮೀಟರಲ್ಲಿ ಬಿಲ್ ಹಂಚೋಕೆ ಹೋದ್ರೆ ತಿಂಗಳಿಗೊಂದು ಜಗಳ. ಗೋಡೆ ಚಿರೆಕಲ್ಲಿನದೇ ಇರ್ಲಿ, ಹೊರಗಿನ ಗಿಲಾವ್ ಚೆನ್ನಾಗಿ ಆಗ್ಲಿ, ಸ್ಲ್ಯಾಬಿನ ಮೇಲೆ ಶೀಟ್ ಹಾಕೋ ಖರ್ಚನ್ನ ಮೊದಲೇ ಎಸ್ಟಿಮೇಟಲ್ಲಿ ಸೇರಿಸಿ, ಆಮೇಲೆ ನೋಡುವಾ ಅಂತ ಬಿಟ್ಟವರದ್ದು ಎರಡನೇ ಮಳೆಗಾಲಕ್ಕೇ ಸೋರ್ತದೆ.

ನಾನಾಗಿದ್ರೆ ಪಾಯ, ಪಿಟ್, ನೀರಿನ ಟ್ಯಾಂಕ್ ಎರಡಕ್ಕೂ ಆಗೋ ಹಾಗೆ ಮಾಡ್ಸಿ ಮೇಲೆ ಒಂದೇ ಖೋಲಿ ಎಬ್ಬಿಸ್ತಿದ್ದೆ. ಅದಕ್ಕೆ ಏಳೂವರೆ ಎಂಟು ಲಕ್ಷ ಬೇಕಾಗಬಹುದು, ನಿಮ್ಮದರಲ್ಲಿ 6 ಹಾಕಿ, ಉಳಿದದ್ದಕ್ಕೆ ಸಣ್ಣ ಸಾಲ, 3 ಲಕ್ಷ ಮುಟ್ಟದೆ ಹಾಗೇ ಇರ್ಲಿ, ಅಪ್ಪ ಅಮ್ಮನ ಆಸ್ಪತ್ರೆ ಖರ್ಚು ಹೇಳಿ ಬರೋದಿಲ್ಲ. ಒಂದು ವರ್ಷ ಬಾಡಿಗೆಯವರ ಜೊತೆ ಒಂದೇ ಅಂಗಳದಲ್ಲಿ ಇರೋದು ನಿಮ್ಮ ಮನೆಗೆ ಹೊಂದ್ತದಾ ಅಂತಲೂ ಗೊತ್ತಾಗ್ತದೆ, ಕೆಲವರಿಗೆ ಹೊಂದೋದಿಲ್ಲ, ರಾತ್ರಿ ಗೇಟು, ಬಟ್ಟೆ ಒಣಗಿಸೋ ಜಾಗ, ಬಂದುಹೋಗೋ ನೆಂಟರು, ಎಲ್ಲಾ ಕಿರಿಕಿರಿ ಅನ್ನಿಸ್ತದೆ. ಅಮ್ಮನ್ನೂ ಕೇಳಿ, ದಿನಾ ಎದುರಾಗೋದು ಅವರಿಗೇ.

ಫ್ಲ್ಯಾಟಿನ ಮೇಲೆ ಮನಸ್ಸು ಇನ್ನೂ ಇದ್ರೆ, ಈ ವಾರದ ಟೋಕನ್ ಮಾತ್ರ ಕೊಡ್ಬೇಡಿ. 30 ವರ್ಷದ ಇಸಿ (ಆಸ್ತಿ ಮೇಲೆ ಆದ ಮಾರಾಟ, ಸಾಲದ ನೋಂದಣಿ ದಾಖಲೆ), ಇ-ಖಾತಾ, ಕಟ್ಟಡದ ಪರವಾನಗಿ, ಮುಗಿದ ಮೇಲಿನ ಸರ್ಟಿಫಿಕೇಟು, ಅಸೋಸಿಯೇಶನ್ ಬಾಕಿ ಇಲ್ಲ ಅನ್ನೋ ಪತ್ರ ಇಷ್ಟರ ಕಾಪಿ ಕೇಳಿ, ಈಗ ಇ-ಖಾತಾ ಇಲ್ದೆ ರಿಜಿಸ್ಟ್ರೇಶನ್ನೇ ಆಗೋದಿಲ್ಲ. ಕಾಪಿ ಕೊಡೋಕೆ ಹಿಂದೆಮುಂದೆ ನೋಡಿದ್ರೆ ಅಲ್ಲಿಗೇ ಬಿಟ್ಟುಬಿಡಿ. ಕೊಟ್ರೆ ಒಬ್ಬ ವಕೀಲರಿಗೆ ತೋರಿಸಿ, ಬಿಲ್ಡರಿಗೆ ಏಜೆಂಟರಿಗೆ ಸಂಬಂಧ ಇಲ್ಲದ ವಕೀಲರಿಗೆ, ಆಮೇಲೆ ಸ್ಲ್ಯಾಬ್ ನೋಡೋಕೆ ಒಬ್ಬ ಇಂಜಿನಿಯರನ್ನ ಕರ್ಕೊಂಡು ಹೋಗಿ. ಟೋಕನ್ ಕೊಡೋ ಹಂತಕ್ಕೆ ಬಂದ್ರೂ ಚೆಕ್ ಇಲ್ಲಾ ಬ್ಯಾಂಕ್ ಟ್ರಾನ್ಸ್‌ಫರಲ್ಲಿ ಮಾಲೀಕರ ಅಕೌಂಟಿಗೇ ಹಾಕಿ, ಏಜೆಂಟ್ ಕೈಗೆ ಅಲ್ಲ, ಕಾಗದಪತ್ರ ಸರಿ ಇಲ್ಲ ಅಂತಾದ್ರೆ ಅಥವಾ ಬ್ಯಾಂಕ್ ಸಾಲ ಕೊಡದಿದ್ರೆ ಪೂರ್ತಿ ದುಡ್ಡು ವಾಪಸ್ ಅಂತ ಮಾಲೀಕರ ಸಹಿ ಇರೋ ಬರಹ ಮೊದಲು ಕೈಗೆ ಬರ್ಲಿ.